ಮನೆಯಲ್ಲೇ ಕಟ್ಟುವ ಸ್ಪೋರ್ಟ್ಸ್ ಕಾರಿಗೆ ಬೈಕ್ ಎಂಜಿನ್ನೋ, ಕಾರ್ ಎಂಜಿನ್ನೋ? ಒಂದು ಸಮಗ್ರ ಮಾರ್ಗದರ್ಶಿ

ಸ್ವಂತ ಕೈಯಿಂದ ಒಂದು ಸಣ್ಣ ಸ್ಪೋರ್ಟ್ಸ್ ಕಾರು ಕಟ್ಟಬೇಕು ಎಂಬ ಆಸೆ ದಾವಣಗೆರೆಯಲ್ಲಿ ಅನೇಕರಿಗಿದೆ. ಬಿಐಇಟಿ, ಯುಬಿಡಿಟಿ ಕಾಲೇಜುಗಳ ಮೆಕ್ಯಾನಿಕಲ್ ಹುಡುಗ ಹುಡುಗಿಯರಿದ್ದಾರೆ. ಪಿ.ಬಿ. ರಸ್ತೆಯ ಆಚೀಚೆ ಗ್ಯಾರೇಜ್ ನಡೆಸುವವರಿದ್ದಾರೆ. ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತ್ ತಯಾರಿಸಿತು. ಕಾರ್ಖಾನೆ ಮುಚ್ಚಿದರೂ ಆ ಲೇತ್‌ಗಳು ಇನ್ನೂ ತಿರುಗುತ್ತಿವೆ, ಅವುಗಳ ಮೇಲೆ ಕೈ ಪಳಗಿದ ಟರ್ನರ್‌ಗಳೂ ಇದ್ದಾರೆ. ಕಟ್ಟುವ ಕೈಗೆ ಇಲ್ಲಿ ಕೊರತೆಯಿಲ್ಲ. ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಮೊದಲ ಪ್ರಶ್ನೆಯಲ್ಲೇ: ಎಂಜಿನ್ ಯಾವುದು?

ಸಾಮಾನ್ಯವಾಗಿ ಈ ಚರ್ಚೆ ಹಾರ್ಸ್‌ಪವರ್‌ನಿಂದ ಶುರುವಾಗುತ್ತದೆ. ರಾಯಲ್ ಎನ್‌ಫೀಲ್ಡ್ 650ಗೆ 47 ಎಚ್‌ಪಿ, ಹಳೇ ಮಾರುತಿ 800ಗೆ 37 ಎಚ್‌ಪಿ. ಹಾಗಾದ್ರೆ ಬೈಕ್ ಎಂಜಿನ್ನೇ ವಾಸಿ ಅಲ್ವಾ ಎಂದು ಕೇಳುತ್ತಾರೆ. ಈ ಲೆಕ್ಕ ಪೂರ್ತಿ ಅಲ್ಲ. ಮೊದಲು ಕಾರಿನ ತೂಕ ತೀರ್ಮಾನಿಸಬೇಕು, ಆಮೇಲೆ ಆ ತೂಕಕ್ಕೆ ಎಂಜಿನ್ ಹುಡುಕಬೇಕು. ಈ ಕ್ರಮ ತಿರುಗುಮುರುಗಾದರೆ ಅರ್ಧ ಕಟ್ಟಿದ ಚಾಸಿಸ್ ಶೆಡ್ಡಿನಲ್ಲೇ ತುಕ್ಕು ಹಿಡಿಯುತ್ತದೆ. ಅದಕ್ಕೇ ಈ ಬರಹದ ಹಂತಗಳು ತೂಕದಿಂದ ಎಂಜಿನ್ ಕಡೆಗೆ ಹೋಗುತ್ತವೆ.

ಹಂತ 1: ಈ ಕಾರು ಎಲ್ಲಿ ಓಡುತ್ತದೆ?

ಕಾನೂನಿನ ಮಾತು ಮೊದಲೇ ಮುಗಿಸೋಣ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಹೊಸ ವಾಹನಕ್ಕೆ ರಸ್ತೆ ನೋಂದಣಿ ಬೇಕೆಂದರೆ ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ತರದ ಸಂಸ್ಥೆಗಳಲ್ಲಿ ಪರೀಕ್ಷೆ ಪಾಸಾಗಿ ಮಂಜೂರಾತಿ ಪಡೆಯಬೇಕು. ಅದು ಕಂಪನಿಗಳಿಗಾಗಿ ಮಾಡಿದ ದಾರಿ, ಒಂದೇ ಕಾರು ಕಟ್ಟುವವರ ಕೈಗೆ ಎಟುಕುವಂಥದ್ದಲ್ಲ. ಹಳೇ ಮಾರುತಿಯ ಕೆಎ-17 ನಂಬರ್ ಪ್ಲೇಟನ್ನು ಹೊಸ ಚಾಸಿಸ್‌ಗೆ ಹಾಕಿ ಓಡಿಸುತ್ತೇನೆ ಎಂಬ ಯೋಚನೆ ಇದ್ದರೆ ಈಗಲೇ ಬಿಡಿ. ಅದು ಅಪರಾಧ, ಅಪಘಾತವಾದರೆ ವಿಮೆಯ ಆಸರೆಯೂ ಇರುವುದಿಲ್ಲ.

ಹಾಗಾಗಿ ಈ ಕಾರು ಸ್ವಂತ ಜಮೀನಿನಲ್ಲಿ, ಅನುಮತಿ ಪಡೆದ ಖಾಸಗಿ ಜಾಗದಲ್ಲಿ, ಇಲ್ಲವೇ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ತರದ ಟ್ರ್ಯಾಕ್‌ಗಳಲ್ಲಿ ಓಡಬೇಕು. ಟ್ರ್ಯಾಕ್‌ಗೆ ಹೋಗುವ ಮೊದಲು ಅವರ ಸುರಕ್ಷತಾ ನಿಯಮ ಕೇಳಿಕೊಳ್ಳಿ. ಕಾರನ್ನು ಟ್ರ್ಯಾಕ್‌ವರೆಗೆ ಲಗೇಜ್ ಗಾಡಿಯ ಮೇಲೆ ಸಾಗಿಸಬೇಕು.

ಇದರಿಂದ ಬೇಜಾರಾಗಬೇಡಿ. ಎಂಜಿನ್ ಆಯ್ಕೆಗೆ ಇದು ಅನುಕೂಲವೇ. ರಸ್ತೆಯ ಟ್ರಾಫಿಕ್ಕು, ಹಂಪು, ಮಳೆ, ಊರಿಂದೂರಿಗೆ ಪಯಣ ಯಾವುದೂ ಇಲ್ಲ. ಹಾಗಾಗಿ ಒಂದು ಹಾಳೆಯ ಮೇಲೆ ಮೂರೇ ಸಂಗತಿ ಬರೆಯಿರಿ. ಸೀಟು ಒಂದೋ ಎರಡೋ? ಒಂದು ಸಲಕ್ಕೆ ಓಟ ಐದು ನಿಮಿಷವೋ ಅರ್ಧ ಗಂಟೆಯೋ? ನೆಲ ಮಣ್ಣೋ ಡಾಂಬರೋ? ಮುಂದಿನ ಎಲ್ಲಾ ಹಂತದಲ್ಲೂ ಈ ಹಾಳೆ ಬೇಕಾಗುತ್ತದೆ.

ಹಂತ 2: ತೂಕ ಬರೆಯಿರಿ, ಆಮೇಲೆ ಭಾಗಿಸಿ

ಕಾರಿನ ಚುರುಕು ನಿಂತಿರುವುದು ಶಕ್ತಿಯನ್ನು ತೂಕದಿಂದ ಭಾಗಿಸಿದಾಗ ಬರುವ ಸಂಖ್ಯೆಯ ಮೇಲೆ. ಎಚ್‌ಪಿಯನ್ನು ಟನ್ ಲೆಕ್ಕದ ತೂಕದಿಂದ ಭಾಗಿಸಿ. ಓಡಿಸುವವರ ತೂಕ ಸೇರಿಸುವುದನ್ನು ಮರೆಯಬೇಡಿ. ಹಗುರ ಕಾರಿನಲ್ಲಿ 70 ಕೆಜಿಯ ಮನುಷ್ಯ ದೊಡ್ಡ ಪಾಲು.

ಎನ್‌ಫೀಲ್ಡ್ 650 ಬೈಕಿನ ತೂಕ ಸುಮಾರು 200 ಕೆಜಿ. ಸವಾರ ಸೇರಿ 270. ಅಲ್ಲಿ ಟನ್ನಿಗೆ 174 ಎಚ್‌ಪಿ ಸಿಗುತ್ತದೆ. ಅದೇ ಎಂಜಿನ್ನನ್ನು 400 ಕೆಜಿಯ ಕಾರಿಗೆ ಹಾಕಿದರೆ ಚಾಲಕ ಸೇರಿ 470 ಕೆಜಿ, ಟನ್ನಿಗೆ ಸರಿಯಾಗಿ 100. ಬೈಕಿನ ಮೇಲೆ ಕೂತಾಗ ಎದೆ ಝಲ್ಲೆನಿಸಿದ ಪಿಕಪ್ ಕಾರಿನಲ್ಲಿ ಸಿಗದಿರುವುದಕ್ಕೆ ಕಾರಣ ಇಷ್ಟೇ.

ಈಗ ಕಾರಿನ ಎಂಜಿನ್ ನೋಡಿ. ಹಳೇ ಸ್ವಿಫ್ಟ್‌ನ 1.2 ಲೀಟರ್ ಕೆ-ಸಿರೀಸ್ ಪೆಟ್ರೋಲ್ ಎಂಜಿನ್ ಸುಮಾರು 85 ಎಚ್‌ಪಿ ಕೊಡುತ್ತದೆ. ಎಂಜಿನ್ನೂ ಗೇರ್‌ಬಾಕ್ಸೂ ಭಾರ, ಅದನ್ನು ಹೊರುವ ಚಾಸಿಸ್ಸೂ ಭಾರ. ಕಾರು 550 ಕೆಜಿ ಆಯಿತು ಅಂದುಕೊಳ್ಳಿ. ಚಾಲಕ ಸೇರಿ 620. ಟನ್ನಿಗೆ 137. ಭಾರವಾದ ಕಾರೇ ಇಲ್ಲಿ ಮುಂದಿದೆ.

ಹಳೇ ಕೆಟಿಎಂ 390 ಬೈಕಿನ 373 ಸಿಸಿ ಎಂಜಿನ್ನನ್ನು 320 ಕೆಜಿಯ ಒಂದೇ ಸೀಟಿನ ಕಾರಿಗೆ ಹಾಕಿದರೆ ಟನ್ನಿಗೆ ಸುಮಾರು 110. ಕವಾಸಾಕಿ ನಿಂಜಾ 650ರ 68 ಎಚ್‌ಪಿ 400 ಕೆಜಿಯ ಕಾರಿನಲ್ಲಿ 145ರ ಹತ್ತಿರ ಹೋಗುತ್ತದೆ. ಹಯಾಬುಸಾ ಆದರೆ ಲೆಕ್ಕವೇ ಬೇರೆ. 1,340 ಸಿಸಿ, 190 ಎಚ್‌ಪಿ. ಬ್ರಿಟನ್ನಿನ ರ‍್ಯಾಡಿಕಲ್ ಕಂಪನಿಯ ಹಲವು ರೇಸ್ ಕಾರುಗಳು ಓಡುವುದು ಅದೇ ವಂಶದ ಎಂಜಿನ್ನಿನಿಂದ. ಆದರೆ ಅದನ್ನು ತಂದು, ಕೆಟ್ಟಾಗ ರಿಪೇರಿ ಮಾಡಿಸಿ, ಬಿಡಿಭಾಗ ತರಿಸುವ ಖರ್ಚು ಮೊದಲ ಕಾರು ಕಟ್ಟುವವರಿಗೆ ಸಲ್ಲದು.

ನನ್ನ ಗೆರೆ ಇದು. ಚಾಲಕ ಸೇರಿ 450 ಕೆಜಿ ಒಳಗೆ ನಿಲ್ಲಿಸುತ್ತೇನೆ ಎಂಬ ಭರವಸೆ ಇದ್ದರೆ ಬೈಕ್ ಎಂಜಿನ್ ಯೋಚಿಸಿ. ಅದಕ್ಕಿಂತ ಜಾಸ್ತಿ ಆದರೆ ಕಾರ್ ಎಂಜಿನ್. ಎರಡು ಸೀಟು ಬೇಕೇಬೇಕು ಅಂದರೂ ಬಹುಪಾಲು ಕಾರ್ ಎಂಜಿನ್ನೇ. ಪಕ್ಕದಲ್ಲಿ ಇನ್ನೊಬ್ಬರು ಕೂತರೆ ಆ 470 ಕೆಜಿಯ ಕಾರು 540 ಆಗುತ್ತದೆ, 100 ಇದ್ದದ್ದು 87ಕ್ಕೆ ಇಳಿಯುತ್ತದೆ.

ಕಾಗದದ ಮೇಲಿನ ತೂಕ ನಂಬಬೇಡಿ. ಪ್ರತಿ ಭಾಗವನ್ನೂ ತೂಗಿ ಬರೆದಿಡಿ. ಇದಕ್ಕೆ ನಮ್ಮ ಊರಿನಷ್ಟು ಒಳ್ಳೆ ಜಾಗ ಸಿಗುವುದು ಕಷ್ಟ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ತೂಗುವ ಪ್ಲಾಟ್‌ಫಾರ್ಮ್ ಸ್ಕೇಲ್ ಎಂಜಿನ್ ತೂಗಲು ಸಾಕು. ಕಾರು ನಿಂತ ಮೇಲೆ ಅಂಥವೇ ನಾಲ್ಕು ಸ್ಕೇಲ್ ಸಮತಟ್ಟು ನೆಲದ ಮೇಲಿಟ್ಟು, ಒಂದೊಂದರ ಮೇಲೆ ಒಂದೊಂದು ಚಕ್ರ ನಿಲ್ಲಿಸಿದರೆ ನಾಲ್ಕೂ ಮೂಲೆಯ ಭಾರ ಗೊತ್ತಾಗುತ್ತದೆ. ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಒಟ್ಟು ತೂಕ ಸಿಗುತ್ತದೆ, ಆದರೆ ಇಷ್ಟು ಸಣ್ಣ ಗಾಡಿಗೆ ಅದು ಅಷ್ಟು ನಿಖರವಲ್ಲ.

ಹಂತ 3: ಟಾರ್ಕ್ ಮತ್ತು ಗೇರ್ ಲೆಕ್ಕ

ಕೆಟಿಎಂ 390 ತನ್ನ ಪೂರ್ತಿ ಶಕ್ತಿ ಕೊಡುವುದು 9,000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಆಸುಪಾಸಿನಲ್ಲಿ. ಅದರ ಟಾರ್ಕ್ (ತಿರುಗಿಸುವ ಬಲ) 37 ನ್ಯೂಟನ್ ಮೀಟರ್. ಸ್ವಿಫ್ಟ್ ಎಂಜಿನ್ 4,000-4,500 ಆರ್‌ಪಿಎಂನಲ್ಲೇ 113 ನ್ಯೂಟನ್ ಮೀಟರ್ ಕೊಡುತ್ತದೆ. ಎನ್‌ಫೀಲ್ಡ್ 650 ಇವೆರಡರ ನಡುವೆ ನಿಲ್ಲುತ್ತದೆ, 5,000 ದಾಟುತ್ತಿದ್ದಂತೆ 52. ಬೈಕ್ ಎಂಜಿನ್ ಈ ಕೊರತೆಯನ್ನು ಗೇರ್‌ನಿಂದ ತುಂಬಿಕೊಳ್ಳುತ್ತದೆ. ಕ್ರ್ಯಾಂಕ್‌ನಿಂದ ಕ್ಲಚ್‌ಗೆ ಒಂದು ಇಳಿತ (ಸುತ್ತು ಇಳಿದು ಬಲ ಏರುವುದು), ಗೇರ್‌ಬಾಕ್ಸ್‌ನಲ್ಲಿ ಇನ್ನೊಂದು, ಚೈನ್ ಸ್ಪ್ರಾಕೆಟ್‌ನಲ್ಲಿ ಮತ್ತೊಂದು. ಚಕ್ರ ಮುಟ್ಟುವ ಹೊತ್ತಿಗೆ ಟಾರ್ಕ್ ಹಲವು ಪಟ್ಟು ಆಗಿರುತ್ತದೆ. ಹಾಗಾಗಿ ಬೈಕ್ ಎಂಜಿನ್‌ಗೆ ಎಳೆಯುವ ದಮ್ ಇಲ್ಲ ಎಂಬ ಮಾತು ನಿಜವಲ್ಲ. ಆದರೆ ಆ ದಮ್ ಬೇಕೆಂದರೆ ಎಂಜಿನ್ನನ್ನು ಯಾವಾಗಲೂ ಏರು ಆರ್‌ಪಿಎಂನಲ್ಲಿ ಇಟ್ಟಿರಬೇಕು.

ವೇಗದ ಲೆಕ್ಕ ಹೀಗೆ. ಆರ್‌ಪಿಎಂ ಅನ್ನು ಟಯರ್ ಸುತ್ತಳತೆಯಿಂದ (ಮೀಟರ್‌ನಲ್ಲಿ) ಗುಣಿಸಿ, 0.06ರಿಂದ ಗುಣಿಸಿ, ಒಟ್ಟು ಗೇರ್ ಇಳಿತದಿಂದ ಭಾಗಿಸಿ. ಉತ್ತರ ಗಂಟೆಗೆ ಕಿಲೋಮೀಟರ್‌ನಲ್ಲಿ ಬರುತ್ತದೆ.

ಒಂದು ಉದಾಹರಣೆ ತಗೊಳ್ಳಿ. ಟಾಪ್ ಗೇರ್‌ನಲ್ಲಿ ಒಟ್ಟು ಇಳಿತ 6.5, ಆರ್‌ಪಿಎಂ 9,000. 150/60 ಆರ್17 ಬೈಕ್ ಟಯರ್‌ನ ಸುತ್ತಳತೆ 1.92 ಮೀಟರ್. ವೇಗ ಸುಮಾರು 160 ಬರುತ್ತದೆ. ಅದೇ ಎಂಜಿನ್, ಅದೇ ಸ್ಪ್ರಾಕೆಟ್ ಇಟ್ಟುಕೊಂಡು ಮಾರುತಿ 800ರ 145/70 ಆರ್12 ಟಯರ್ ಹಾಕಿ. ಸುತ್ತಳತೆ 1.6 ಮೀಟರ್‌ಗೆ ಇಳಿಯುತ್ತದೆ, ವೇಗ 133. ಅಂದರೆ ಸಣ್ಣ ಚಕ್ರ ಹಾಕಿದ್ದರಿಂದಲೇ ಎಳೆತ 20 ಪರ್ಸೆಂಟ್ ಜಾಸ್ತಿ ಆಯಿತು. ಭಾರವಾದ, ಗಾಳಿಗೆ ಎದೆಯೊಡ್ಡುವ ತೆರೆದ ಕಾರಿಗೆ ಬೇಕಾಗಿರುವುದೂ ಇದೇ. ಬೈಕ್ ಎಂಜಿನ್ ಜೊತೆ 12 ಇಂಚಿನ ಚಕ್ರ ಒಳ್ಳೆ ಜೋಡಿ ಎನ್ನುವುದು ಇದಕ್ಕೇ. ಸ್ವಿಫ್ಟ್‌ನ 165/80 ಆರ್14 ಟಯರ್ ಹಾಕಿದರೆ ಸುತ್ತಳತೆ ಬೈಕಿಗಿಂತ ತುಸು ಜಾಸ್ತಿಯೇ ಆಗುತ್ತದೆ. ಆಗ ಹಿಂದಿನ ಸ್ಪ್ರಾಕೆಟ್ ದೊಡ್ಡದು ಮಾಡಿಸಬೇಕು.

ಮೊದಲ ಗೇರ್‌ಗೂ ಇದೇ ಲೆಕ್ಕ ಹಾಕಿ ನೋಡಿ. ಬೈಕ್ ಸವಾರ ಸೇರಿ 240 ಕೆಜಿ ಎಳೆಯಲು ಮಾಡಿದ ಕ್ಲಚ್ ಈಗ 400, 450 ಕೆಜಿ ಎಬ್ಬಿಸಬೇಕು. ಪ್ರತಿ ಸಲ ಹೊರಡುವಾಗಲೂ ಕ್ಲಚ್ ಜಾರುತ್ತದೆ, ಬಿಸಿಯಾಗುತ್ತದೆ. ಮೊದಲ ಗೇರ್ ಎಷ್ಟು ಗಿಡ್ಡವೋ, ಅಂದರೆ ಅದರ ಇಳಿತ ಎಷ್ಟು ಜಾಸ್ತಿಯೋ, ಕ್ಲಚ್ ಅಷ್ಟು ದಿನ ಬಾಳುತ್ತದೆ.

ಹಂತ 4: ಬೈಕ್ ಎಂಜಿನ್ ಎಂದಾದರೆ ಈ ಆರು ಕೆಲಸಕ್ಕೆ ಸಿದ್ಧರಾಗಿ

ಬೈಕ್ ಎಂಜಿನ್‌ನ ಸುಖ ಮೊದಲು ಹೇಳುತ್ತೇನೆ. ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಮೂರೂ ಒಂದೇ ಗಡ್ಡೆಯಲ್ಲಿ ಇರುತ್ತವೆ. 390ರಂಥ ಎಂಜಿನ್ನನ್ನು ಇಬ್ಬರು ಸುಮ್ನೆ ಎತ್ತಿ ಮೇಜಿನ ಮೇಲಿಡಬಹುದು. ಆರು ಗೇರು, ಲಿವರ್ ಹಿಂದೆ ಎಳೆದರೆ ಮುಂದಿನ ಗೇರ್, ತಳ್ಳಿದರೆ ಕೆಳಗಿನ ಗೇರ್. ಓಡಿಸುವ ಖುಷಿಯಲ್ಲಿ ಇದಕ್ಕೆ ಸಾಟಿಯಿಲ್ಲ. ಇಷ್ಟೆಲ್ಲ ಸಿಗುತ್ತದೆ, ಆದರೆ ಕೆಲಸವೂ ಅಷ್ಟೇ ಇದೆ.

ಎಲ್ಲಕ್ಕಿಂತ ದೊಡ್ಡದು ಆಯಿಲ್. ಬೈಕು ತಿರುವಿನಲ್ಲಿ ವಾಲುತ್ತದೆ, ಹಾಗಾಗಿ ಆಯಿಲ್ ಸಂಪ್‌ನ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಯ) ತಳದಲ್ಲೇ ಉಳಿಯುತ್ತದೆ. ಕಾರು ವಾಲುವುದಿಲ್ಲ. ಉದ್ದನೆಯ ತಿರುವಿನಲ್ಲಿ ಆಯಿಲ್ ಪೂರ್ತಿ ಒಂದು ಬದಿಗೆ ಸರಿಯುತ್ತದೆ, ಪಂಪ್ ಗಾಳಿ ಎಳೆಯುತ್ತದೆ, ಬೇರಿಂಗ್ ಒಣಗುತ್ತದೆ. ಕೆಲವೇ ಸೆಕೆಂಡು ಸಾಕು, ಎಂಜಿನ್ ಸೀಜ್. ಇದಕ್ಕೆ ಸಂಪ್ ಬಿಚ್ಚಿ, ಆಯಿಲ್ ಹೀರುವ ಪಿಕಪ್ ಪೈಪಿನ ಸುತ್ತ ತಗಡಿನ ತಡೆಗೋಡೆ ಬೆಸೆಸಬೇಕು. ಆಯಿಲ್ ಒಳಗೆ ಬರುವಂತೆ, ಆದರೆ ತಿರುವಿನಲ್ಲಿ ಹೊರಗೆ ಓಡದಂತೆ ಸಣ್ಣ ಬಾಗಿಲು ಇಡುತ್ತಾರೆ. ಅಲ್ಯೂಮಿನಿಯಂ ಸಂಪ್ ಆದರೆ ಟಿಗ್ ವೆಲ್ಡಿಂಗ್ ಬಲ್ಲವರೇ ಬೇಕು. ಆಯಿಲ್ ಪ್ರೆಷರ್ ಗೇಜ್ ಮತ್ತು ಕಣ್ಣಿಗೆ ಹೊಡೆಯುವಂಥ ಕೆಂಪು ದೀಪ ಡ್ಯಾಶ್ ಮೇಲೆ ಇರಲೇಬೇಕು. ಇದೊಂದು ಕೆಲಸಕ್ಕೆ ದುಡ್ಡು, ಸಮಯ ಇಲ್ಲ ಎಂದಾದರೆ ಬೈಕ್ ಎಂಜಿನ್ ಬಿಟ್ಟುಬಿಡಿ. ಇನ್ನೊಂದು ಮಾತು. ಬೈಕ್‌ನ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಜಾಸೋ ಎಂಎ ದರ್ಜೆಯ ಬೈಕ್ ಆಯಿಲನ್ನೇ ಹಾಕಿ. ಕಾರಿನ ಆಯಿಲ್‌ನಲ್ಲಿರುವ ಜಾರಿಸುವ ರಾಸಾಯನಿಕಗಳಿಂದ ಕ್ಲಚ್ ಜಾರಲು ಶುರುವಾಗುತ್ತದೆ.

ಎರಡನೆಯದು ರಿವರ್ಸ್. ಬೈಕ್ ಗೇರ್‌ಬಾಕ್ಸ್‌ನಲ್ಲಿ ಅದಿಲ್ಲ. ಒಂದೇ ಸೀಟಿನ ಟ್ರ್ಯಾಕ್ ಕಾರಾದರೆ ಇಳಿದು ತಳ್ಳಬಹುದು. ಬೇಕೇಬೇಕು ಅಂದರೆ ಹಿಂದಿನ ಎಕ್ಸಲ್‌ಗೆ ಹಲ್ಲಿನ ಚಕ್ರ ಕೂರಿಸಿ, ಸೆಲ್ಫ್ ಮೋಟಾರ್ ಒಂದನ್ನು ಅದಕ್ಕೆ ಕಚ್ಚುವಂತೆ ಮಾಡಿಸಿ. ಹರಿಹರದ ಯಾವುದೇ ಒಳ್ಳೆ ಲೇತ್ ಅಂಗಡಿಯಲ್ಲಿ ಆಗುವ ಕೆಲಸ. ಗೇರ್ ನ್ಯೂಟ್ರಲ್‌ನಲ್ಲಿ ಇದ್ದಾಗ ಮಾತ್ರ ಆ ಮೋಟಾರ್‌ಗೆ ಕರೆಂಟ್ ಹೋಗುವಂತೆ ಸ್ವಿಚ್ ಜೋಡಿಸಿ.

ಮೂರನೆಯದು ಚೈನ್‌ನಿಂದ ಎರಡು ಚಕ್ರಕ್ಕೆ ಶಕ್ತಿ ಹಂಚುವುದು. ಗೋ-ಕಾರ್ಟ್ ತರ ಗಟ್ಟಿ ಎಕ್ಸಲ್ ಹಾಕಿದರೆ ಅಗ್ಗ, ಸರಳ. ಆದರೆ ತಿರುವಿನಲ್ಲಿ ಒಳಚಕ್ರ ಉಜ್ಜುತ್ತದೆ, ಕಾರು ನೇರಕ್ಕೆ ಹೋಗಲು ನೋಡುತ್ತದೆ. ಮಣ್ಣಿನ ನೆಲದಲ್ಲಿ ಇದು ನಡೆಯುತ್ತದೆ, ಡಾಂಬರಿನಲ್ಲಿ ಡಿಫರೆನ್ಷಿಯಲ್ (ಎರಡೂ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಗಡ್ಡೆ) ಬೇಕು. ಗೂಡ್ಸ್ ಆಟೋದ ಡಿಫರೆನ್ಷಿಯಲ್ ಅಗ್ಗಕ್ಕೆ ಸಿಗುತ್ತದೆ, ರಿವರ್ಸ್ ಕೂಡ ಇರುತ್ತದೆ ಎಂದು ಹಲವರು ಅದರ ಹಿಂದೆ ಬೀಳುತ್ತಾರೆ. ಅದು ಹತ್ತು ಎಚ್‌ಪಿ ಆಸುಪಾಸಿನ ನಿಧಾನದ ಎಂಜಿನ್‌ಗೆ ಮಾಡಿದ್ದು. 40 ಎಚ್‌ಪಿ ಕೊಟ್ಟು ಅದರ ಪಕ್ಕ ಕೂರಬೇಡಿ. ಮಾರುತಿ 800ರ ಡಿಫರೆನ್ಷಿಯಲ್ ಗಡ್ಡೆ ಮಾತ್ರ ಬಿಡಿಸಿ, ಆಯಿಲ್ ನಿಲ್ಲುವಂತೆ ಹೊಸ ಹೌಸಿಂಗ್ ಮಾಡಿಸಿ, ಅದಕ್ಕೆ ಸ್ಪ್ರಾಕೆಟ್ ಕೂರಿಸುವುದು ಹೆಚ್ಚು ಭರವಸೆಯ ದಾರಿ. ಚೈನ್ ಬಿಗಿ ಮಾಡಲು ಜಾಗ ಬಿಟ್ಟಿರಬೇಕು. ಚೈನ್ ತುಂಡಾದರೆ ಚಾಲಕರ ಬೆನ್ನಿಗೆ ಬಡಿಯದಂತೆ ದಪ್ಪ ಸ್ಟೀಲ್ ತಗಡಿನ ಕವಚ ಕಡ್ಡಾಯ.

ಎಂಜಿನ್ ಮುಂದಿಟ್ಟು, ಹಿಂದಿನ ಎಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹಾಕುವವರು ತಿರುಗುವ ದಿಕ್ಕು ನೋಡಿಕೊಳ್ಳಿ. ಸ್ಪ್ರಾಕೆಟ್ ಎಡಗಡೆ ಇರುವ ಬೈಕ್ ಎಂಜಿನ್ನನ್ನು ಆ ಎಡಬದಿ ಕಾರಿನ ಹಿಂದಕ್ಕೆ ಬರುವಂತೆ ಕೂರಿಸಿದರೆ, ಶಾಫ್ಟ್ ಮಾಮೂಲಿ ಕಾರಿನ ದಿಕ್ಕಿನಲ್ಲೇ ತಿರುಗುತ್ತದೆ. ಸ್ಪ್ರಾಕೆಟ್ ಬಲಗಡೆ ಇರುವ ಎಂಜಿನ್ ಆದರೆ ಉಲ್ಟಾ. ಕಾರಿಗೆ ಆರು ರಿವರ್ಸ್ ಗೇರ್ ಬಂದುಬಿಡುತ್ತವೆ!

ನಾಲ್ಕನೆಯದು ಬಿಸಿ. ಬೈಕಿನ ಎಂಜಿನ್ ಗಾಳಿಗೆ ಎದುರಾಗಿ ನಿಂತಿರುತ್ತದೆ, ಕಾರಿನಲ್ಲಿ ಅದು ಸೀಟಿನ ಹಿಂದೆ ಅಡಗುತ್ತದೆ. ಏಪ್ರಿಲ್‌ನಲ್ಲಿ ಚಿತ್ರದುರ್ಗ, ಚಳ್ಳಕೆರೆ ಕಡೆಯ ಬಿಸಿಲು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಗಾಳಿ ಮತ್ತು ಆಯಿಲ್‌ನಿಂದಲೇ ತಣಿಯುವ 650 ಎಂಜಿನ್‌ಗೆ ಬದಿಯಿಂದ ಗಾಳಿ ಕೊಳವೆ ಮತ್ತು ಆಯಿಲ್ ಕೂಲರ್‌ಗೆ ಫ್ಯಾನ್ ಬೇಕು. ನೀರಿನಿಂದ ತಣಿಯುವ ಎಂಜಿನ್ ಇಲ್ಲಿನ ಹವೆಗೆ ವಾಸಿ. ಅದರದೇ ಸಣ್ಣ ರೇಡಿಯೇಟರ್ ಬಿಟ್ಟು ಮಾರುತಿ 800ರ ರೇಡಿಯೇಟರ್ ಮತ್ತು ಫ್ಯಾನ್ ಹಾಕಿ. ಫ್ಯಾನ್ ಎಳೆಯುವ ಕರೆಂಟನ್ನು ಬೈಕಿನ ಚಾರ್ಜಿಂಗ್ ತಡೆಯುತ್ತದೆಯೇ ಎಂದು ಆಂಪ್ ಮೀಟರ್ ಇಟ್ಟು ನೋಡಿ.

ಐದನೆಯದು ವೈರಿಂಗ್. ಎಂಜಿನ್ ಮಾತ್ರ ಕೊಂಡರೆ ಸಾಲದು. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಪೂರ್ತಿ ವೈರಿಂಗ್, ಕೀ ಸೆಟ್, ಮೀಟರ್, ಥ್ರಾಟಲ್ ಬಾಡಿ, ಪೆಟ್ರೋಲ್ ಪಂಪ್, ಎಲ್ಲಾ ಸೆನ್ಸರ್ ಒಂದೇ ಗಾಡಿಯದ್ದು ಬೇಕು. ಬೈಕ್ ಬಿದ್ದಾಗ ಎಂಜಿನ್ ನಿಲ್ಲಿಸುವ ಒಂದು ಸೆನ್ಸರ್ ಇರುತ್ತದೆ. ಅದನ್ನು ಮೂಲ ಗಾಡಿಯಲ್ಲಿ ಹೇಗೆ ನೆಟ್ಟಗಿತ್ತೋ ಹಾಗೇ ಕೂರಿಸಿ, ಇಲ್ಲದಿದ್ದರೆ ಎಂಜಿನ್ ಸ್ಟಾರ್ಟೇ ಆಗುವುದಿಲ್ಲ. ಸೈಡ್ ಸ್ಟ್ಯಾಂಡ್, ಕ್ಲಚ್ ಸ್ವಿಚ್‌ಗಳದ್ದೂ ಇದೇ ಕಥೆ.

ಆರನೆಯದು ಸಣ್ಣದು. ಗೇರ್ ಲಿವರ್‌ಗೆ ತಂತಿ ಕೇಬಲ್ ಬದಲು ಎರಡೂ ತುದಿಯಲ್ಲಿ ಬಾಲ್ ಜಾಯಿಂಟ್ ಇರುವ ಗಟ್ಟಿ ರಾಡ್ ಹಾಕಿ. ಜೋಡಣೆ ಸಡಿಲವಿದ್ದರೆ ಗೇರ್ ತಪ್ಪುತ್ತದೆ.

ಹಂತ 5: ಕಾರ್ ಎಂಜಿನ್ ಎಂದಾದರೆ, ಅದನ್ನು ಎಲ್ಲಿ ಕೂರಿಸುತ್ತೀರಿ?

ಇಲ್ಲಿ ಎಂಜಿನ್ ಹೆಸರಿಗಿಂತ ಅದು ಕೂರುವ ಜಾಗ ಮುಖ್ಯ. ಎರಡು ಒಳ್ಳೆ ದಾರಿ ಇವೆ.

ಮೊದಲ ದಾರಿ, ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ. 1957ರಲ್ಲಿ ಬಂದ ಲೋಟಸ್ ಸೆವೆನ್ ಕಾಲದಿಂದ ಮನೆಯಲ್ಲಿ ಕಾರು ಕಟ್ಟುವವರು ನೆಚ್ಚಿಕೊಂಡಿರುವ ವಿನ್ಯಾಸ. ಚೌಕಾಕಾರದ ಸ್ಟೀಲ್ ಪೈಪು, ಉದ್ದ ಮೂತಿ, ಹಿಂದಿನ ಎಕ್ಸಲ್‌ಗೆ ಅಂಟಿದಂತೆ ಇಬ್ಬರಿಗೆ ಸೀಟು. ಇದಕ್ಕೆ ಎಂಜಿನ್ ಉದ್ದುದ್ದ ಕೂರುವಂಥದ್ದೇ ಬೇಕು. ಹಳೇ ಓಮ್ನಿ ಹಾಗಿದೆ, ಆದರೆ ಅದರ 796 ಸಿಸಿ ಎಂಜಿನ್‌ನಲ್ಲಿ ಶಕ್ತಿ ಕಮ್ಮಿ. ಜಿಪ್ಸಿಯ 1.3 ಲೀಟರ್ ಎಂಜಿನ್ ಸೊಗಸಾದದ್ದು, 16 ವಾಲ್ವ್‌ನದು 80 ಎಚ್‌ಪಿ. ಆದರೆ ಜಿಪ್ಸಿಗೆ ಈಗ ಸಿಕ್ಕಾಪಟ್ಟೆ ಬೇಡಿಕೆ, ಬೆಲೆ ಏರಿದೆ. ಅದರ ಟ್ರಾನ್ಸ್‌ಫರ್ ಕೇಸ್‌ನಲ್ಲೂ ಒಂದು ಇಳಿತ ಇರುವುದರಿಂದ, ಅದನ್ನು ತೆಗೆದರೆ ಗೇರ್ ಲೆಕ್ಕ ಮತ್ತೆ ಹಾಕಬೇಕು.

ನನ್ನ ಮೆಚ್ಚಿನ ಆಯ್ಕೆ ಈಕೋ. 2010ರಲ್ಲಿ ಬಂದ ಗಾಡಿ, 2022ರವರೆಗಿನದು 1,196 ಸಿಸಿ, 73 ಎಚ್‌ಪಿ, 101 ನ್ಯೂಟನ್ ಮೀಟರ್, ಐದು ಗೇರು. ಎಂಜಿನ್ ಉದ್ದುದ್ದ ಇದೆ, ಎಳೆತ ಹಿಂದಕ್ಕೆ. ಸ್ಕೂಲ್ ವ್ಯಾನ್, ಆಂಬುಲೆನ್ಸ್ ಆಗಿ ಪ್ರತಿ ಊರಲ್ಲೂ ಓಡುತ್ತಿದೆ, ಹಾಗಾಗಿ ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತವೆ. ಎಂಜಿನ್, ಗೇರ್‌ಬಾಕ್ಸ್, ಶಾಫ್ಟ್, ಹಿಂದಿನ ಎಕ್ಸಲ್ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡೇ ಬರುತ್ತವೆ. ಪ್ರೊಪೆಲ್ಲರ್ ಶಾಫ್ಟನ್ನು ಅಳತೆಗೆ ಕತ್ತರಿಸಿ, ಬೆಸೆದು, ಬ್ಯಾಲೆನ್ಸ್ ಮಾಡಿಸಿದರೆ ಮುಖ್ಯ ಕೆಲಸ ಮುಗಿಯಿತು. 550 ಕೆಜಿ ಕಾರಿನಲ್ಲಿ ಚಾಲಕ ಸೇರಿ ಟನ್ನಿಗೆ ಸುಮಾರು 118 ಎಚ್‌ಪಿ. ಮೊದಲ ಕಾರಿಗೆ ಇದು ಸಾಕಷ್ಟಾಯಿತು.

ಎರಡನೇ ದಾರಿ, ಎಂಜಿನ್ ಚಾಲಕರ ಬೆನ್ನ ಹಿಂದೆ. ಮುಂಚಕ್ರ ಎಳೆಯುವ ಕಾರಿನ ಎಂಜಿನ್, ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್, ಹಬ್, ಬ್ರೇಕ್ ಎಲ್ಲವನ್ನೂ ಇದ್ದ ಹಾಗೇ ಎತ್ತಿ ಹಿಂದಿಡುವುದು. ಬ್ರಿಟನ್ನಿನ ಏರಿಯಲ್ ಆಟಂ ಕಾರು ಹೋಂಡಾ ಸಿವಿಕ್ ಎಂಜಿನ್ನಿನಿಂದ ಮಾಡಿದ್ದು ಇದನ್ನೇ. ನಮಗೆ ಎಸ್ಟೀಮ್‌ನ 1.3, ಸ್ವಿಫ್ಟ್‌ನ 1.2 ಸಿಗುತ್ತವೆ. ಡಿಫರೆನ್ಷಿಯಲ್ ಗೇರ್‌ಬಾಕ್ಸ್ ಒಳಗೇ ಇರುತ್ತದೆ, ಚೈನ್ ಇಲ್ಲ, ರಿವರ್ಸ್ ಇದೆ. ಹಂತ 4ರ ಅರ್ಧ ತಲೆನೋವು ಇಲ್ಲಿ ಬರುವುದೇ ಇಲ್ಲ.

ಆದರೆ ಒಂದು ಎಚ್ಚರ. ಮುಂದಿನ ಹಬ್ ಸ್ಟಿಯರಿಂಗ್‌ಗೆ ತಿರುಗುವಂಥದ್ದು. ಹಿಂದೆ ಕೂರಿಸಿದಾಗ ಸ್ಟಿಯರಿಂಗ್ ರಾಡ್ ಸಿಕ್ಕಿಸುವ ತೋಳನ್ನು ಚಾಸಿಸ್‌ಗೆ ಗಟ್ಟಿ ಲಿಂಕ್‌ನಿಂದ ಕಟ್ಟಬೇಕು. ಆ ಲಿಂಕಿನ ಉದ್ದ, ಕೋನ ಕೆಳಗಿನ ತೋಳಿಗೆ ಹೊಂದದಿದ್ದರೆ ಗುಂಡಿ ಸಿಕ್ಕಾಗಲೆಲ್ಲ ಹಿಂದಿನ ಚಕ್ರ ತಾನೇ ತಿರುಗುತ್ತದೆ. ವೇಗದಲ್ಲಿ ಇದು ಅಪಾಯ. ಸ್ಪ್ರಿಂಗ್ ಬಿಚ್ಚಿ, ಚಕ್ರವನ್ನು ಮೇಲೆ ಕೆಳಗೆ ಆಡಿಸಿ, ಟೋ (ಮೇಲಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವ ಕೋನ) ಬದಲಾಗುತ್ತದೆಯೇ ಎಂದು ಅಳೆದ ಮೇಲೆಯೇ ಪೂರ್ತಿ ವೆಲ್ಡ್ ಮಾಡಿ.

ಗೇರ್ ಜೋಡಣೆ ಕೇಬಲ್‌ನದ್ದಾದರೆ ಉದ್ದದ ಕೇಬಲ್ ಹಾಕಿ ಮುಗಿಸಬಹುದು. ರಾಡ್ ಇದ್ದರೆ ಎಂಜಿನ್ ಸುತ್ತಿ ಬರುವಂತೆ ಹೊಸ ಲಿಂಕೇಜ್ ಮಾಡಿಸಬೇಕು, ಇದಕ್ಕೆ ತಾಳ್ಮೆ ಬೇಕು. ರೇಡಿಯೇಟರ್ ಮುಂದಿಟ್ಟರೆ ಕೂಲೆಂಟ್ ಪೈಪು ಕಾರಿನ ಉದ್ದಕ್ಕೂ ಓಡುತ್ತದೆ. ಪೈಪಿನ ಅತಿ ಎತ್ತರದ ಜಾಗದಲ್ಲಿ ಗಾಳಿ ಬಿಡುವ ಸ್ಕ್ರೂ ಇಡಿ, ಇಲ್ಲದಿದ್ದರೆ ಗಾಳಿ ಗುಳ್ಳೆ ನಿಂತು ಹೆಡ್ ಕಾಯುತ್ತದೆ.

ನ್ಯಾನೋ ಬಗ್ಗೆ ಅನೇಕರು ಕೇಳುತ್ತಾರೆ. ಎಂಜಿನ್ ಹಿಂದೇ ಇದೆ, 624 ಸಿಸಿ, 38 ಎಚ್‌ಪಿ. ಒಂದು ಸೀಟಿನ, ತೀರಾ ಹಗುರ ಕಾರಿಗೆ ಚೆಂದ. ಆದರೆ ತಯಾರಿಕೆ ನಿಂತು ವರ್ಷಗಳಾದವು, ನಾಲ್ಕೇ ಗೇರು. ಕೈಗೆ ಅಗ್ಗದಲ್ಲಿ ಪೂರ್ತಿ ಗಾಡಿ ಸಿಕ್ಕರೆ ಮಾತ್ರ ತಗೊಳ್ಳಿ.

ಶಕ್ತಿ ಕಮ್ಮಿ ಎಂದು ಮಾರುತಿ 800 ಎಂಜಿನ್ನನ್ನು ಕಡೆಗಣಿಸುವವರಿಗೆ ಒಂದು ನೆನಪು. 1980ರ ದಶಕದ ಕೊನೆಯಲ್ಲಿ ಕೊಯಮತ್ತೂರಿನ ಎಸ್. ಕರಿವರ್ಧನ್ ಅದೇ ಎಂಜಿನ್ನಿನಿಂದ ಒಂದೇ ಸೀಟಿನ ರೇಸ್ ಕಾರು ಕಟ್ಟಿದರು. ಫಾರ್ಮುಲಾ ಮಾರುತಿ ಎಂದೇ ಅದು ಹೆಸರಾಯಿತು. ಫಾರ್ಮುಲಾ ಒನ್‌ವರೆಗೆ ಹೋದ ನರೇನ್ ಕಾರ್ತಿಕೇಯನ್ ಅವರಂಥವರು ಶುರುವಿನಲ್ಲಿ ಓಡಿಸಿದ್ದು ಅದನ್ನೇ. ಮೇಲೆ ಹೇಳಿದ ಕರಿ ಸ್ಪೀಡ್‌ವೇಗೆ ಇಟ್ಟಿರುವುದು ಕರಿವರ್ಧನ್ ಅವರ ಹೆಸರು. ಹಗುರವಾಗಿ ಕಟ್ಟಿದ್ದೇ ಆ ಕಾರಿನ ಗುಟ್ಟು.

ಹಂತ 6: ನಿಮ್ಮ ಊರಲ್ಲಿ ಬಿಚ್ಚಿ ಜೋಡಿಸಬಲ್ಲವರು ಯಾರು?

ಎರಡು ಎಂಜಿನ್ ನಡುವೆ ತೂಗಾಡುತ್ತಿದ್ದರೆ ಈ ಪ್ರಶ್ನೆಯೇ ತೀರ್ಪು ಕೊಡುತ್ತದೆ. ಮಾರುತಿಯ ಹೆಡ್ ಬಿಚ್ಚಿ ವಾಲ್ವ್ ಕೂರಿಸುವವರು ದಾವಣಗೆರೆ, ಚಿತ್ರದುರ್ಗ, ಹೊಳಲ್ಕೆರೆ ಎಲ್ಲಾ ಕಡೆ ಇದ್ದಾರೆ. ಗ್ಯಾಸ್ಕೆಟ್ ಸೆಟ್, ಟೈಮಿಂಗ್ ಬೆಲ್ಟ್, ಕ್ಲಚ್ ಪ್ಲೇಟ್ ಅದೇ ದಿನ ಸಿಗುತ್ತವೆ. ಎನ್‌ಫೀಲ್ಡ್‌ಗೂ ಈಗ ಜನರಿದ್ದಾರೆ. ಕವಾಸಾಕಿ, ಸುಜುಕಿ ದೊಡ್ಡ ಬೈಕ್‌ಗಳ ಭಾಗಕ್ಕೆ ಬೆಂಗಳೂರಿಗೇ ಹೋಗಬೇಕು, ಕೆಲವಕ್ಕೆ ವಾರಗಟ್ಟಲೆ ಕಾಯಬೇಕು. ಗ್ಯಾರೇಜಿಗೆ ಹೋಗಿ, "ಅಣ್ಣ, ಈ ಎಂಜಿನ್ ತಂದರೆ ನೀವು ಕೈ ಹಾಕ್ತೀರಾ?" ಎಂದು ಕೊಳ್ಳುವ ಮುಂಚೆಯೇ ಕೇಳಿ. ಅವರು ತಲೆ ಕೆರೆದುಕೊಂಡರೆ ಪಟ್ಟಿಯಿಂದ ಆ ಹೆಸರು ಹೊಡೆದುಹಾಕಿ.

ಕಾಲೇಜು ಹುಡುಗರದ್ದು ಬೇರೆ ಲೆಕ್ಕ. ಫಾರ್ಮುಲಾ ಭಾರತ್‌ನಂಥ ವಿದ್ಯಾರ್ಥಿ ಸ್ಪರ್ಧೆಗಳಲ್ಲಿ ಎಂಜಿನ್ 710 ಸಿಸಿ ದಾಟುವಂತಿಲ್ಲ, ಗಾಳಿ 20 ಮಿಲಿಮೀಟರ್ ಕಂಡಿಯಿಂದಲೇ ಹೋಗಬೇಕು. ಒಂದೇ ಸೀಟು, ಹಗುರ ಕಾರು, ಚಿಕ್ಕ ಓಟ. ಅಲ್ಲಿ ಬೈಕ್ ಎಂಜಿನ್ನೇ ಸರಿ. ಅದನ್ನು ನೋಡಿ ಎರಡು ಸೀಟಿನ ಕಾರಿಗೂ ಅದೇ ಹಾಕಲು ಹೋಗಬೇಡಿ.

ಹಂತ 7: ಕೊಳ್ಳುವಾಗ

ಆದಷ್ಟು ಪೂರ್ತಿ ಗಾಡಿಯನ್ನೇ ಕೊಳ್ಳಿ, ಓಡುವ ಸ್ಥಿತಿಯಲ್ಲಿ. ಗುಜರಿಯಲ್ಲಿ ಬಿಡಿ ಎಂಜಿನ್ ಅಗ್ಗ ಕಾಣುತ್ತದೆ, ಆದರೆ ಇಸಿಯು, ವೈರಿಂಗ್, ಸೆನ್ಸರ್, ಮೌಂಟಿಂಗ್ ಒಂದೊಂದಾಗಿ ಹುಡುಕುವಷ್ಟರಲ್ಲಿ ಗಾಡಿಯ ಬೆಲೆ ದಾಟಿರುತ್ತದೆ. ಹೊಸ ಮಾರುತಿಗಳಲ್ಲಿ ಐಕ್ಯಾಟ್ಸ್ ಎಂಬ ಕಳ್ಳತನ ತಡೆ ಇದೆ. ಕೀ, ಇಸಿಯು, ಅದರ ಡಬ್ಬಿ ಮೂರೂ ಒಂದೇ ಗಾಡಿಯದ್ದಾಗಿರಬೇಕು.

ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ನೀಲಿ ಹೊಗೆ ನೋಡಿ. ಬಿಸಿಯಾದ ಮೇಲೆ ಕಂಪ್ರೆಷನ್ ಅಳೆಸಿ. ಸಿಲಿಂಡರ್‌ಗಳ ನಡುವೆ 10 ಪರ್ಸೆಂಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಬೆಲೆ ಇಳಿಸಿ, ಇಲ್ಲವೇ ಬಿಡಿ.

ಆರ್‌ಸಿ, ಎಂಜಿನ್ ನಂಬರ್, ಚಾಸಿಸ್ ನಂಬರ್ ಹೊಂದುತ್ತವೆಯೇ, ಸಾಲ ಬಾಕಿ ಇದೆಯೇ ಎಂದು ನೋಡಿ. ಗಾಡಿ ಬಿಚ್ಚುವ ಮೊದಲು ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಿ. ನೋಂದಣಿ ಹಾಗೇ ಉಳಿದರೆ ನಾಳೆ ತೊಂದರೆ ನಿಮಗೇ.

ಹಂತ 8: ವೆಲ್ಡಿಂಗ್‌ಗೆ ಮುಂಚೆ ಕೂರಿಸಿ ನೋಡಿ

ಚಾಸಿಸ್ ಪೈಪ್ ಕತ್ತರಿಸುವ ಮೊದಲು ಎಂಜಿನ್, ಸೀಟು, ಪೆಡಲ್, ಚಕ್ರಗಳನ್ನು ನೆಲದ ಮೇಲೆ ನಿಜವಾದ ಜಾಗದಲ್ಲಿ ಇಟ್ಟು ಗುರುತು ಹಾಕಿ. ಮರದ ತುಂಡು, ಪ್ಲೈವುಡ್ ಇಟ್ಟು ಎತ್ತರ ಹೊಂದಿಸಿ. ಸ್ಪಾರ್ಕ್ ಪ್ಲಗ್, ಆಯಿಲ್ ಫಿಲ್ಟರ್, ಚೈನ್ ಬಿಗಿ ಮಾಡುವ ಬೋಲ್ಟ್, ಸೆಲ್ಫ್ ಮೋಟಾರ್ ಇವಕ್ಕೆ ಸ್ಪ್ಯಾನರ್ ಸಹಿತ ಕೈ ಹೋಗುತ್ತದೆಯೇ ನೋಡಿ. ಎಂಜಿನ್ ಹೊರತೆಗೆಯಲು ಇಡೀ ಗಾಡಿ ಬಿಚ್ಚಬೇಕಾದ ವಿನ್ಯಾಸ ಬೇಡ.

ಸಂಪ್ ಎಲ್ಲಕ್ಕಿಂತ ಕೆಳಗಿನ ಭಾಗ ಆಗಬಾರದು. ಅದರ ಕೆಳಗೆ ಚಾಸಿಸ್ ಪೈಪ್ ಅಥವಾ ದಪ್ಪ ತಗಡು ಇರಲಿ. ಮೌಂಟಿಂಗ್‌ಗೆ ಮೂಲ ಗಾಡಿಯಲ್ಲಿ ರಬ್ಬರ್ ಬುಷ್ ಇದ್ದರೆ ಅವನ್ನೇ ಬಳಸಿ. ಒಂಟಿ ಸಿಲಿಂಡರ್ ಎಂಜಿನ್ನನ್ನು ರಬ್ಬರ್ ಇಲ್ಲದೆ ಬಿಗಿದರೆ ನಡುಕಕ್ಕೆ ಬ್ರ್ಯಾಕೆಟ್ ಬಿರುಕು ಬಿಡಬಹುದು. ಆದರೆ ಚೈನ್ ಇರುವಲ್ಲಿ ಎಂಜಿನ್ ಮುಂದೆ ಹಿಂದೆ ಆಡದಂತೆ ಒಂದು ಗಟ್ಟಿ ಲಿಂಕ್ ಹಾಕಿ.

ಚಾಲಕರಿಗೂ ಎಂಜಿನ್‌ಗೂ ನಡುವೆ ಸ್ಟೀಲ್ ತಗಡಿನ ಗೋಡೆ, ತಲೆಗಿಂತ ಎತ್ತರದ ರೋಲ್ ಬಾರ್, ಹೊರಗಿನಿಂದಲೂ ಒತ್ತಬಹುದಾದ ಕಿಲ್ ಸ್ವಿಚ್, ಕೈಗೆಟುಕುವ ಬೆಂಕಿ ಆರಿಸುವ ಸಿಲಿಂಡರ್. ಇವುಗಳಲ್ಲಿ ಯಾವುದನ್ನೂ ಮುಂದಕ್ಕೆ ಹಾಕಬೇಡಿ. ಪೆಟ್ರೋಲ್ ಟ್ಯಾಂಕ್ ಒಳಗೂ ತಡೆ ತಗಡು ಬೇಕು, ಎರಡೂ ಬಗೆಯ ಎಂಜಿನ್‌ಗೆ. ಬೈಕ್ ಎಂಜಿನ್ ಇದ್ದರೆ ಬ್ರೇಕ್ ಬೂಸ್ಟರ್ ಲೆಕ್ಕ ಬಿಡಿ, ಅದರಿಂದ ಸಾಕಷ್ಟು ವ್ಯಾಕ್ಯೂಮ್ ಸಿಗುವುದಿಲ್ಲ. ಬೂಸ್ಟರ್ ಇಲ್ಲದೆಯೇ ಕಾಲಿನ ಒತ್ತಡಕ್ಕೆ ಸಾಲುವಂತೆ ಪೆಡಲ್ ಅನುಪಾತ ಮತ್ತು ಮಾಸ್ಟರ್ ಸಿಲಿಂಡರ್ ಆರಿಸಿ.

ಹಂತ 9: ಮೊದಲ ಓಟ

ಹಿಂದಿನ ಚಕ್ರಗಳನ್ನು ಸ್ಟ್ಯಾಂಡ್ ಮೇಲೆತ್ತಿ ಎಲ್ಲಾ ಗೇರ್ ಹಾಕಿ ನೋಡಿ. ತಿರುಗುವ ದಿಕ್ಕು, ಸೋರಿಕೆ, ಫ್ಯಾನ್ ತಾನೇ ಶುರುವಾಗುವುದು ಎಲ್ಲಾ ಇಲ್ಲೇ ಗೊತ್ತಾಗಲಿ. ನೆಲಕ್ಕಿಳಿಸಿದ ಮೇಲೆ ಮೊದಲು ಬ್ರೇಕ್, ನಿಧಾನದ ವೇಗದಲ್ಲಿ ಹಲವು ಸಲ. ಒಂದು ಸುತ್ತು ಬಂದು ನಿಲ್ಲಿಸಿ, ಪ್ರತಿ ಬೋಲ್ಟ್ ಮೇಲೆ ಮೊದಲೇ ಹಾಕಿದ್ದ ಬಣ್ಣದ ಗೆರೆ ಜರುಗಿದೆಯೇ ನೋಡಿ. ಚೈನ್ ಬಿಸಿಯಾದಾಗ ಮತ್ತೆ ಸಡಿಲ ಅಳೆಯಿರಿ. ಹೀಗೆ ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವವರೆಗೆ ಎಂಜಿನ್‌ನ ಅರ್ಧ ಆರ್‌ಪಿಎಂ ದಾಟಬೇಡಿ.

ಆಮೇಲೆ ಖಾಲಿ ಬಯಲಿನಲ್ಲಿ ದೊಡ್ಡ ವೃತ್ತ ಹಾಕಿ, ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ. ನಿಧಾನವಾಗಿ ವೇಗ ಏರಿಸುತ್ತಾ ಹೋಗಿ. ಪಕ್ಕದಲ್ಲಿ ಸೀಟಿದ್ದರೆ ಗೇಜ್ ನೋಡಲು ಒಬ್ಬರನ್ನು ಕೂರಿಸಿ, ಇಲ್ಲದಿದ್ದರೆ ಮೊಬೈಲ್‌ನಲ್ಲಿ ಗೇಜ್‌ನ ವಿಡಿಯೋ ಮಾಡಿ. ಆಯಿಲ್ ಪ್ರೆಷರ್ ಮುಳ್ಳು ಒಂದು ದಿಕ್ಕಿನ ತಿರುವಿನಲ್ಲಿ ಮಾತ್ರ ಬೀಳುತ್ತಿದ್ದರೆ ತಕ್ಷಣ ಎಂಜಿನ್ ನಿಲ್ಲಿಸಿ, ಸಂಪ್ ಬಿಚ್ಚಿ ಆ ಬದಿಯ ತಡೆಗೋಡೆ ಸರಿಪಡಿಸಿ. ಎರಡೂ ಕಡೆ ಮುಳ್ಳು ಅಲುಗದೆ ನಿಂತ ಮೇಲೆ ಪೂರ್ತಿ ಆರ್‌ಪಿಎಂಗೆ ಹೋಗಬಹುದು.